ಹಳೆಯದನ್ನು ತೆಗೆದುಬಿಡಿ

ಕಾರ್ ನಿಕೋಬಾರ್
೩ ಫೆಬ್ರುವರಿ ೨೦೨೫

ಮೇಷ್ಟ್ರಿಗೆ ಬೀನಾಳ ನಮಸ್ಕಾರ.

ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತುಬಳಸಿ ಹೇಳಿದರೆ ನಿಮಗೆ ಆಗುವುದಿಲ್ಲ ಎಂದು ಗೊತ್ತು. ನಮ್ಮ ‘ಕೇಳೋಲೆ’ಯನ್ನು ಒಂಬತ್ತು ವರ್ಷದಿಂದ ಪುಕ್ಕಟೆಯಾಗಿ ತನ್ನ ಇಂಟರ್ನೆಟ್ ಕಣಜದಲ್ಲಿ ಇಟ್ಟುಕೊಂಡಿದ್ದ ಕಂಪನಿ ಬಾಗಿಲು ಹಾಕುತ್ತಿದೆ. ಮಾರ್ಚ್ ಮೂವತ್ತೊಂದರೊಳಗೆ ನಿಮ್ಮ ಗಂಟುಮೂಟೆ ಕಟ್ಟಿಕೊಳ್ಳಿ ಎಂದು ನೋಟೀಸು ಬಂದಿದೆ.

ಪ್ರೋಗ್ರಾಮಿನ ಚಿಂತೆ ನನಗಿಲ್ಲ. ಅದರ ಪ್ರತಿ ನನ್ನಲ್ಲಿದೆ, ನಿಮ್ಮ ಶಿಷ್ಯೆ ದಿವ್ಯಳಲ್ಲೂ ಇದೆ. ನನಗೆ ಎದೆ ಹೊಡೆದುಕೊಳ್ಳುವುದು ತಕರಾರುಗಳ ವಿಷಯಕ್ಕೆ. ಕಣ್ಣಿಲ್ಲದವರಿಗೆ ಕನ್ನಡ ಓದಿ ಹೇಳಲು ನಾವು ಕಟ್ಟಿದ ಈ ದನಿ ಎಲ್ಲೆಲ್ಲಿ ತಪ್ಪುತ್ತದೆ ಎಂದು ಬಳಸುವವರೇ ಬರೆದ ಸಾವಿರದ ಒಂಬೈನೂರ ಹನ್ನೆರಡು ತಕರಾರು! ‘ಕ್ರಿ.ಪೂ.’ ಎಂಬುದನ್ನು ‘ಕ್ರಿಪು’ ಎಂದು ಓದಿ ನಿಮ್ಮ ಶಾಲೆಯ ಇತಿಹಾಸದ ತರಗತಿಯನ್ನೇ ನಗಿಸಿತ್ತಲ್ಲ, ಅಂಥವು. ಅವು ಪ್ರೋಗ್ರಾಮಿನ ಒಳಗಿಲ್ಲ, ಕಂಪನಿಯ ಕಣಜದಲ್ಲಿವೆ. ಮುಂದಿನ ವರ್ಷ ಹೊಸ ದನಿ ಕಟ್ಟುವುದು ಅವುಗಳ ಮೇಲೇ. ಅವು ಹೋದರೆ ಒಂಬತ್ತು ವರ್ಷ ಹೋದಂತೆ.

ಇನ್ನೊಬ್ಬರ ಜಗಲಿಯ ಸಹವಾಸ ಸಾಕು. ಉದಯಗಿರಿಯ ನಮ್ಮ ಕೋಣೆಯಲ್ಲಿರುವ ಕಂಪ್ಯೂಟರಿನಲ್ಲೇ ಸ್ವಂತ ಕಣಜ ಇಟ್ಟುಕೊಳ್ಳೋಣ. ಅದಕ್ಕೆ ಬೇಕಾದ ತಂತ್ರಾಂಶ ಯಾರು ಬೇಕಾದರೂ ಬಳಸುವಂತೆ ಬಿಟ್ಟಿರುವುದು ನಾಲ್ಕಿವೆ. ಗಿಟ್‌ಲ್ಯಾಬ್‌ನಲ್ಲಿ ಇಲ್ಲದ್ದಿಲ್ಲ, ದೊಡ್ಡ ಛತ್ರದ ಹಾಗೆ. ಆದರೆ ಎಂಟು ಜಿಬಿ ಮೆಮೊರಿಯನ್ನಾದರೂ ಕೇಳುತ್ತದೆ, ನಮ್ಮದು ನಾಲ್ಕು. ಗಾಗ್ಸ್ ಹಗುರ, ನಮ್ಮ ಮುದಿ ಯಂತ್ರದಲ್ಲೂ ಓಡುತ್ತದೆ. ಆದರೆ ಹಳೆಯ ಕಡೆಯಿಂದ ತಕರಾರುಗಳನ್ನು ಎಳೆದು ತರುವ ಅನುಕೂಲ ಅದರಲ್ಲಿ ನನಗೆ ಕಾಣಲಿಲ್ಲ. ಗಿಟ್ಟೀ ಎಂಬುದು ಗಾಗ್ಸ್‌ನಿಂದ ಒಡೆದು ಬಂದದ್ದು. ಅದೂ ಹಗುರ, ತಕರಾರುಗಳನ್ನೂ ತರುತ್ತದೆ, ಈಗ ಒಂದು ಕಂಪನಿಯ ಕೈಯಲ್ಲಿದೆ. ಅದಕ್ಕೆ ಒಪ್ಪದವರು ಬೇರೆಯಾಗಿ ಮಾಡಿಕೊಂಡದ್ದು ಫೋರ್ಜೆಯೊ. ಗುಣವೆಲ್ಲ ಅದೇ, ಹೊಣೆ ಮಾತ್ರ ಒಂದು ಸಂಘದ್ದು.

ಕಣಜ ನಿಮ್ಮ ಹೆಸರಲ್ಲಿರುವುದರಿಂದ ನೀವೇ ಹೇಳಬೇಕು. ಮಾತಾಡೋಣವೆಂದು ಎರಡು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ.

ಬೀನಾ


ಕುಂಬಾರಕೊಪ್ಪಲು, ಮೈಸೂರು
೭ ಫೆಬ್ರುವರಿ

ಬೀನಾ, ನಿನಗೆ ಒಳ್ಳೆಯದಾಗಲಿ ತಾಯಿ.

ನಿನ್ನ ಕಾಗದವನ್ನು ನಮ್ಮ ಯಂತ್ರ ಓದಿತು. ಅದಕ್ಕೆ ಕೋಪವೂ ಕಕ್ಕುಲಾತಿಯೂ ಒಂದೇ. ‘ಎದೆ ಹೊಡೆದುಕೊಳ್ಳುವುದು’ ಎಂಬುದನ್ನೂ ಬಸ್ಸಿನ ವೇಳಾಪಟ್ಟಿಯ ಹಾಗೆ ಓದಿತು. ಗಾಬರಿ ನೀನೇ ಪಡು, ನಾನು ಪಡುವುದಿಲ್ಲ ಎನ್ನುವಂತೆ.

ಗಿಟ್ಟೀ ಹೆಸರು ಕೇಳಿ ನಗು ಬಂತು. ಗಿಟ್ಟೀತೋ ಇಲ್ಲವೋ ಎಂಬ ಅನುಮಾನ ಹೆಸರಿನಲ್ಲೇ ಇದೆಯಲ್ಲ! ದಾಯಾದಿಗಳು ಪಾಲಾದ ಕಥೆಯೂ ಚೆನ್ನಾಗಿದೆ. ಗಾಗ್ಸ್‌ನಿಂದ ಅದು, ಅದರಿಂದ ಇದು. ನಮ್ಮೂರಿನಲ್ಲಿ ಒಂದೇ ತೊಟ್ಟಿಮನೆಗೆ ಮೂರು ಒಲೆ ಆದ ಹಾಗೆ. ನನ್ನ ಮಾತು ಇಷ್ಟೇ: ಒಂದು ಕಂಪನಿ ಬಾಗಿಲು ಹಾಕಿದ್ದಕ್ಕೆ ಬೀದಿಗೆ ಬಂದಿದ್ದೇವೆ, ಇನ್ನೊಂದು ಕಂಪನಿಯ ಜಗಲಿ ಬೇಡ. ಸಂಘದ್ದೇ ಇರಲಿ, ಫೋರ್ಜೆಯೊ ಹಾಕು. ಗಿಟ್ಟೀಯವರು ಕೆಟ್ಟವರೆಂದಲ್ಲ. ಬಿಸಿಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ.

ದಿವ್ಯ ಬ್ಯಾಂಕಿನ ಕೆಲಸ ಮುಗಿಸಿ ಉದಯಗಿರಿಗೆ ಹೋಗಿ ಯಂತ್ರ ಜೋಡಿಸುತ್ತಾಳಂತೆ. “ನನ್ನ ಕೈಗೆ ತಿಳೀದಿರೋ ವೈರು ಯಾವುದೈತೆ ಮೇಷ್ಟ್ರೇ?” ಅಂದಳು. ಕಣ್ಣಿರುವವರೇ ಆ ಕೋಣೆಯಲ್ಲಿ ಎಡವುವುದು, ಅವಳು ಎಡವುವುದಿಲ್ಲ.

ಫೋನು ಬೇಡ ಬೀನಾ. ಬರೆದದ್ದೇ ಉಳಿಯುವುದು. ತಕರಾರನ್ನು ಬಾಯಲ್ಲಿ ಹೇಳಿದರೆ ತೆಗೆದುಕೊಳ್ಳುವುದಿಲ್ಲ ಎಂದು ಮಕ್ಕಳಿಗೆ ಕಲಿಸಿದವನು ನಾನು. ನನಗೂ ಅದೇ ನಿಯಮ.

ಶಿವಮಲ್ಲಪ್ಪ


ಕಾರ್ ನಿಕೋಬಾರ್
೧೯ ಫೆಬ್ರುವರಿ

ಮೇಷ್ಟ್ರೇ,

ಫೋರ್ಜೆಯೊ ಎದ್ದು ನಿಂತಿದೆ. ಇಲ್ಲಿಂದಲೇ ಉದಯಗಿರಿಯ ಯಂತ್ರಕ್ಕೆ ಕೈ ಹಾಕಿ ಕೂರಿಸಿದೆ. ದಿವ್ಯ ಅಲ್ಲಿ ಬಟನ್ ಒತ್ತಿದಳು. ಎರಡು ಸಲ ಕರೆಂಟು ಹೋಯಿತು, ಒಂದು ಸಲ ಇಲ್ಲಿನ ನೆಟ್ಟು ಮೂರು ದಿನ ಸತ್ತಿತು. ಕೋಣೆಯ ಕೆಳಗಿನ ಮೆಕ್ಯಾನಿಕ್ ಅಂಗಡಿಯಲ್ಲಿ ಸುತ್ತಿಗೆ ಏಟು ಬಿದ್ದಾಗಲೆಲ್ಲ ಯಂತ್ರ ನಡುಗುತ್ತದಂತೆ. ಅದರ ಕೆಳಗೆ ಹಳೆಯ ಕಂಬಳಿ ಮಡಿಸಿ ಹಾಕಿಸಿದ್ದೇನೆ.

ಈಗ ಕಷ್ಟದ್ದು ಉಳಿದಿದೆ. ಮಕ್ಕಳ ಹೆಸರು, ಕಾಯಿಲೆ, ಊರು ಎಲ್ಲ ತಕರಾರುಗಳಲ್ಲಿ ಇವೆ ಎಂದು ನಾವು ಹಳೆಯ ಕಣಜವನ್ನು ಹೊರಗಿನವರಿಗೆ ಕಾಣದಂತೆ ಇಟ್ಟಿದ್ದೇವಲ್ಲ, ಹೊಸ ಯಂತ್ರಕ್ಕೂ ಅದು ಕಾಣುತ್ತಿಲ್ಲ. ಕಾಣದೆ ಎಳೆದುಕೊಳ್ಳಲಾರದು. ಏನಾದರೂ ದಾರಿ ನೋಡಿ ಬರೆಯುತ್ತೇನೆ.

ಇನ್ನೊಂದು ಮಾತು. ನಾನು ಫೋನ್ ಮಾಡಿದಾಗ ನಿನ್ನೆ ಎತ್ತಿದಿರಿ. “ಮೇಷ್ಟ್ರೇ, ನಾನು ಬೀನಾ” ಅಂದೆ. “ಆಗಲಿ, ಆಗಲಿ” ಅಂದು ಇಟ್ಟುಬಿಟ್ಟಿರಿ. ನಾನು ಈ ದ್ವೀಪದ ಶಾಲೆಗೆ ವರ್ಗವಾದಾಗ ಬೇಡವೆನ್ನಬೇಕಿತ್ತು, ‘ಕೇಳೋಲೆ’ಯನ್ನು ನಡುನೀರಿನಲ್ಲಿ ಬಿಟ್ಟು ಬಂದೆ ಎಂದು ನಿಮಗೆ ಸಿಟ್ಟಿದೆಯೇ? ಇದ್ದರೆ ಬೈದುಬಿಡಿ. ಹದಿನಾರನೇ ವಯಸ್ಸಿನಲ್ಲಿ ನಿಮ್ಮ ಶಾಲೆಯ ಮಕ್ಕಳಿಗೆ ಪಾಠ ಓದಿ ಹೇಳಲು ಬಂದವಳು ನಾನು. ಆಗ ಎಷ್ಟು ಬೈದಿರಿ, ತಡೆದುಕೊಂಡೆ. ಸುಮ್ಮನಿದ್ದರೆ ತಡೆಯಲಾಗುವುದಿಲ್ಲ.

ಬೀನಾ


ಕುಂಬಾರಕೊಪ್ಪಲು
೨೩ ಫೆಬ್ರುವರಿ

ಬೀನಾ,

ಸಿಟ್ಟಿಲ್ಲ. ಫೋನಿನಲ್ಲಿ ಗಾಳಿಯ ಸದ್ದಿತ್ತು.

ನನಗೆ ಒಂದೇ ಪ್ರಶ್ನೆ. ಸಾಗಿಸುವಾಗ ದಾರಿಯಲ್ಲಿ ಏನಾದರೂ ಆದರೆ? ತಕರಾರುಗಳ ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇ? ಹೌದು ಇಲ್ಲ ಎಂದು ಬರೆ.

ಶಿವಮಲ್ಲಪ್ಪ


ಕಾರ್ ನಿಕೋಬಾರ್
೧ ಮಾರ್ಚ್

ಮೇಷ್ಟ್ರೇ, ದಾರಿ ಸಿಕ್ಕಿತು. ಸಿಗ್ನಲ್ ಹೋಗುತ್ತಿದೆ, ಎರಡೇ ಸಾಲು. ಹಳೆಯದನ್ನು ಇವತ್ತೇ ತೆಗೆದುಬಿಡಿ, ನಿಮ್ಮ ಹೆಸರಿನಿಂದ ಮಾತ್ರ ಆಗುವುದು. ಪೂರ್ತಿ ಪ್ರತಿ ನನ್ನ ಹತ್ತಿರ ಇದೆ, ಯೋಚನೆ ಮಾಡಬೇಡಿ. ಬೀನಾ


ಕುಂಬಾರಕೊಪ್ಪಲು
೨ ಮಾರ್ಚ್

ಬೀನಾ,

ನೀನು ಹೇಳಿದಂತೆ ಮಾಡಿದೆ. ಖಚಿತವೇ ಎಂದು ಎರಡು ಸಲ ಕೇಳಿತು. ಹಾಗಾದರೆ ಕಣಜದ ಹೆಸರನ್ನು ನಿನ್ನ ಕೈಯಾರೆ ಬರೆ ಎಂದಿತು. ಒಂಬತ್ತು ವರ್ಷದ ಕೆಳಗೆ ನಾನೇ ಇಟ್ಟ ಹೆಸರು. ಒಂದೊಂದೇ ಅಕ್ಷರ ಒತ್ತಿದೆ. ನಿನ್ನಲ್ಲಿ ಪ್ರತಿ ಇದೆಯೆಂಬ ಧೈರ್ಯಕ್ಕೆ ಒತ್ತಿದೆ.

ಹೊಸ ಜಾಗದಲ್ಲಿ ಎಲ್ಲ ಬಂದು ಕೂತ ಮೇಲೆ ತಿಳಿಸು.

ಶಿವಮಲ್ಲಪ್ಪ


ಕಾರ್ ನಿಕೋಬಾರ್
೯ ಮಾರ್ಚ್

ಮೇಷ್ಟ್ರೇ, ಮೇಷ್ಟ್ರೇ,

ಒಂದು ವಾರದಿಂದ ನೆಟ್ಟಿರಲಿಲ್ಲ, ಈಗ ನೋಡಿದೆ. ಹಳೆಯ ವಿಳಾಸಕ್ಕೆ ಹೋದರೆ ಇಂಥದ್ದು ಇಲ್ಲವೇ ಇಲ್ಲ ಎನ್ನುತ್ತಿದೆ. ಹೆಸರು ಬರೆಸಿಕೊಂಡಿತು ಎಂದಿರಿ. ಅದು ಅಳಿಸುವಾಗ ಕೇಳುವ ಪ್ರಶ್ನೆ. ನೀವು ಅಳಿಸಿದಿರಾ?

ನಾನು ಹೇಳಿದ್ದು ತೆಗೆಯಿರಿ ಎಂದು. ಬಾಗಿಲು ತೆಗೆಯಿರಿ ಎಂದು. ಎರಡು ದಿನ ಎಲ್ಲರಿಗೂ ಕಾಣುವಂತೆ ತೆರೆದಿಟ್ಟರೆ ಹೊಸ ಯಂತ್ರ ಎಳೆದುಕೊಳ್ಳುತ್ತಿತ್ತು, ಆಮೇಲೆ ಮತ್ತೆ ಮುಚ್ಚಬಹುದಿತ್ತು.

ದಯವಿಟ್ಟು ಬೇಗ ಬರೆಯಿರಿ. ಅಳಿಸಲಿಲ್ಲ ಎಂದು ಬರೆಯಿರಿ.

ಬೀನಾ


ಕುಂಬಾರಕೊಪ್ಪಲು
೧೦ ಮಾರ್ಚ್

ಬೀನಾ,

ಅಳಿಸಿದೆ.

ನಿನ್ನ ಎರಡು ಸಾಲನ್ನು ಮೂರು ಸಲ ಓದಿಸಿದ್ದೆ. ತೆಗೆದುಬಿಡಿ. ಕನ್ನಡ ಮೇಷ್ಟ್ರು ನಾನು. ನಾವು ಬಾಗಿಲನ್ನೂ ತೆಗೆಯುತ್ತೇವೆ, ಕಸವನ್ನೂ ತೆಗೆಯುತ್ತೇವೆ ಎಂದು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಯಾವ ತೆಗೆಯುವುದು ಎಂದು ಒಂದು ಸಾಲು ಬರೆದು ಕೇಳಬಹುದಿತ್ತು. ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದು ಈಗ ಬೇಡ.

ಆದರೆ ನೀನು ಇಷ್ಟು ಗಾಬರಿಯಾಗುವುದು ಯಾಕೆ? ಪೂರ್ತಿ ಪ್ರತಿ ನಿನ್ನ ಹತ್ತಿರ ಇದೆಯಲ್ಲ.

ಶಿವಮಲ್ಲಪ್ಪ


ಕಾರ್ ನಿಕೋಬಾರ್
೧೪ ಮಾರ್ಚ್

ಮೇಷ್ಟ್ರೇ,

ನಾಲ್ಕು ದಿನದಿಂದ ಬರೆದು ಬರೆದು ಅಳಿಸಿದೆ. ಪ್ರತಿ ಇಲ್ಲ.

ಇತ್ತು. ಒಂದು ಡಿಸ್ಕಿನಲ್ಲಿ ಇಟ್ಟುಕೊಂಡು ಬಂದಿದ್ದೆ. ಇಲ್ಲಿನ ಉಪ್ಪುಗಾಳಿಗೆ ಬೀರುವಿನ ಕೀಲೇ ತುಕ್ಕು ಹಿಡಿದು ಉದುರುತ್ತದೆ. ಜನವರಿಯಲ್ಲಿ ಡಿಸ್ಕು ಹಾಕಿದರೆ ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ನಿಮಗೆ ಹೇಳಬೇಕಿತ್ತು. ಹೇಗೂ ಹೊಸ ಕಣಜಕ್ಕೆ ಎಳೆದುಕೊಳ್ಳುತ್ತೇವೆ, ಆಗ ಸದ್ದಿಲ್ಲದೆ ಇನ್ನೊಂದು ಪ್ರತಿ ಮಾಡಿಕೊಂಡರಾಯಿತು, ಮೇಷ್ಟ್ರಿಗೆ ಯಾಕೆ ಹೇಳಿ ಹಗುರವಾಗಲಿ ಎಂದುಕೊಂಡೆ. ನೀವು ಹೌದು ಇಲ್ಲ ಎಂದು ಬರೆ ಅಂದಿರಿ. ನಾನು ಹೌದು ಎಂದೆ. ನಾನು ಇಲ್ಲ ಎಂದಿದ್ದರೆ ನೀವು ಅಳಿಸುತ್ತಿರಲಿಲ್ಲ.

ಆ ಕಂಪನಿಗೆ ಅರ್ಜಿ ಹಾಕಿದೆ. ಮುಚ್ಚುತ್ತಿರುವ ಸೇವೆಯಲ್ಲಿ ಅಳಿಸಿದ್ದನ್ನು ಮರಳಿಸುವುದಿಲ್ಲ ಎಂದು ಉತ್ತರ ಬಂತು. ಉದಯಗಿರಿಯಲ್ಲಿ ಫೋರ್ಜೆಯೊ ಚೆನ್ನಾಗಿ ಓಡುತ್ತಿದೆ. ಒಳಗೆ ಏನೂ ಇಲ್ಲ.

ತಪ್ಪು ನನ್ನದು. ನೀವು ಏನು ಬೇಕಾದರೂ ಅನ್ನಿ.

ಬೀನಾ


ಕಾರ್ ನಿಕೋಬಾರ್
೨೪ ಮಾರ್ಚ್

ಮೇಷ್ಟ್ರೇ,

ಹತ್ತು ದಿನವಾಯಿತು, ನಿಮ್ಮಿಂದ ಒಂದಕ್ಷರವಿಲ್ಲ. ದಿವ್ಯಳನ್ನು ಕೇಳಿದರೆ “ಚೆನ್ನಾಗವ್ರೆ ಅಕ್ಕ, ಕೆಲಸದಲ್ಲವ್ರೆ” ಎಂದಷ್ಟೇ ಬರೆದಳು. ಯಾವ ಕೆಲಸ ಎಂದರೆ ಉತ್ತರವಿಲ್ಲ. ಶಾಲೆಯಲ್ಲಿ ಪಾಠ ಮಾಡುವಾಗ ಅರ್ಧಕ್ಕೆ ನಿಂತು ಏನು ಹೇಳುತ್ತಿದ್ದೆ ಎಂದು ಮಕ್ಕಳನ್ನೇ ಕೇಳುತ್ತಿದ್ದೇನೆ. ಬೈಯುವುದಕ್ಕಾದರೂ ಬರೆಯಿರಿ.

ಬೀನಾ


ಕುಂಬಾರಕೊಪ್ಪಲು
೨೯ ಮಾರ್ಚ್

ಬೀನಾ,

ಮೊದಲ ಮೂರು ದಿನ ನಿನ್ನ ಮೇಲೆ ಸಿಟ್ಟಿತ್ತು. ಸುಳ್ಳು ಹೇಳಿದ್ದಕ್ಕೆ. ನಾಲ್ಕನೆಯ ದಿನ ಸಿಟ್ಟಿಗೆ ನನಗೇನು ಹಕ್ಕು ಎನ್ನಿಸಿತು. ಅದು ಇರಲಿ.

ಕೆಲಸ ಎಂದರೆ ಇದು. ತಕರಾರುಗಳು ಬಂದಾಗ ಒಂದೊಂದನ್ನೂ ನಾನು ಕೇಳಿದವನು. ನೀನು ತಿದ್ದಿದ ಮೇಲೆ ಮತ್ತೆ ಕೇಳಿ ‘ಸರಿಯಾಗಿದೆ’ ಎಂದು ಇತ್ಯರ್ಥ ಮಾಡಿದವನೂ ನಾನೇ. ಅವು ತಲೆಯಲ್ಲಿ ಇರಬೇಕಲ್ಲ? ನಂಬರಿನ ಪ್ರಕಾರ ನೆನೆದರೆ ಬರುವುದಿಲ್ಲ, ಬರೆದವರ ಪ್ರಕಾರ ನೆನೆದರೆ ಬರುತ್ತದೆ. ನಂಜನಗೂಡಿನ ಮಾದೇವಮ್ಮ ಎಂದರೆ ಸಾಕು, ಅವಳ ನಲವತ್ತೂ ಸಾಲಾಗಿ ಬರುತ್ತವೆ. ಅರ್ಕಾವತ್ತು ಬಂದಲ್ಲೆಲ್ಲ ಈ ದನಿ ಕೆಮ್ಮುತ್ತದೆ ಎಂದು ಮೊದಲು ಹಿಡಿದವಳು ಅವಳು.

ದಿವ್ಯ ದಿನಾ ಸಂಜೆ ಬರುತ್ತಾಳೆ. “ನೀವು ಯೋಳ್ತಾ ಓಗಿ ಮೇಷ್ಟ್ರೇ, ನಾನ್ ಒತ್ಕೊತೀನಿ” ಎಂದು ಕೂರುತ್ತಾಳೆ. ನಾನು ಹೇಳುತ್ತೇನೆ, ಅವಳು ಫೋರ್ಜೆಯೊಗೆ ಏರಿಸುತ್ತಾಳೆ. ಇವತ್ತಿಗೆ ಒಂಬೈನೂರ ಅರವತ್ತಾಯಿತು. ಎಪ್ಪತ್ತು ವರ್ಷದ ತಲೆ, ಇಷ್ಟನ್ನು ಇಟ್ಟುಕೊಂಡಿತ್ತು ಎಂದು ನನಗೇ ಗೊತ್ತಿರಲಿಲ್ಲ. ನೀನು ಅಲ್ಲಿಂದ ನೋಡಿ ಸರಿಹೊಂದಿಸು.

ಶಿವಮಲ್ಲಪ್ಪ


ಕಾರ್ ನಿಕೋಬಾರ್
೪ ಏಪ್ರಿಲ್

ಮೇಷ್ಟ್ರೇ,

ನಿಮ್ಮ ಕಾಗದ ಓದಿ ಅತ್ತೆ. ಮಕ್ಕಳು ನೋಡಲಿ ಬಿಡಲಿ ಎಂದು ಸ್ಟಾಫ್ ರೂಮಿನಲ್ಲೇ ಅತ್ತೆ.

ನಿನ್ನೆಯವರೆಗೆ ಸಾವಿರದ ಮುನ್ನೂರು ಚಿಲ್ಲರೆ ಬಂದಿವೆ. ನನ್ನ ಹಳೆಯ ಇಮೇಲ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕಿದ್ದರ ಜೊತೆ ಹೋಲಿಸಿದೆ. ಬಹಳಷ್ಟು ಮಾತಿಗೆ ಮಾತು ಸರಿಯಾಗಿವೆ. ಆದರೆ ಒಂದು ವಿಷಯ ಕೇಳಬೇಕು. ತಪ್ಪು ತಿಳಿಯಬೇಡಿ.

ಎಲ್ಲವೂ ೨೦೨೩ರ ಬೇಸಿಗೆಗೆ ನಿಂತಿವೆ. ಕೊನೆಯ ಎರಡು ವರ್ಷದ್ದು ಒಂದೂ ಇಲ್ಲ. ಎಂಟು ವರ್ಷ ಹಿಂದಿನದು ನೆನಪಿರುವವರಿಗೆ ಹೋದ ವರ್ಷದ್ದು ನೆನಪಿಲ್ಲವೆಂದರೆ ಹೇಗೆ? ಐನೂರಕ್ಕೂ ಮೇಲೆ ಇದ್ದವು ಅವು. ನಾನು ದ್ವೀಪಕ್ಕೆ ಬಂದದ್ದೂ ಆಗಲೇ. ನನ್ನ ಮೇಲಿನ ಬೇಸರಕ್ಕೆ ಅವನ್ನು ತಡೆದಿಟ್ಟಿದ್ದೀರಾ? ನಾನು ಬೇಡಿಕೊಳ್ಳಲಿ ಎಂದೇ? ಬೇಡಿಕೊಳ್ಳುತ್ತಿದ್ದೇನೆ. ಇಲ್ಲ, ನಿಮಗೆ ಮೈಗೆ ಹುಷಾರಿಲ್ಲವೇ? ಎರಡರಲ್ಲಿ ಯಾವುದೆಂದು ತಿಳಿಯದೆ ನನಗೆ ನಿದ್ದೆಯಿಲ್ಲ.

ಬೀನಾ


ಕುಂಬಾರಕೊಪ್ಪಲು
೧೨ ಏಪ್ರಿಲ್

ಬೀನಾ,

ನಿನ್ನ ಪ್ರಶ್ನೆಗೆ ಹೆದರಿಯೇ ಇಷ್ಟು ದಿನ ಓಡಾಡಿಕೊಂಡಿದ್ದೆ. ನೀನು ಕೇಳಿದೆ, ಒಳ್ಳೆಯದಾಯಿತು.

ಎರಡು ವರ್ಷದಿಂದ ನನಗೆ ಕಿವಿ ಕೇಳಿಸುವುದಿಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಯಂತ್ರದ ದನಿ ಜೋರು ಮಾಡಿದರೆ ಮಾತಿನ ತಲೆ ಕೇಳುತ್ತದೆ, ಬಾಲ ಕೇಳುವುದಿಲ್ಲ. ನಿನ್ನ ಕಾಗದಗಳನ್ನು ಹತ್ತು ಸಲ ಓದಿಸಿ ಅರ್ಥ ಕೂಡಿಸಿಕೊಳ್ಳುತ್ತೇನೆ. ಕಣ್ಣಿಲ್ಲದೆ ಹುಟ್ಟಿದೆ, ಅದಕ್ಕೆ ನಾನು ಒಂದು ದಿನವೂ ಅತ್ತವನಲ್ಲ. ಕಿವಿಗೆ ಅತ್ತೆ. ಡಾಕ್ಟರು ಹಾಕಿದ ಮಿಷನ್ನಿಗೆ ಶಬ್ದ ದೊಡ್ಡದಾಗುತ್ತದೆ, ಸ್ಪಷ್ಟವಾಗುವುದಿಲ್ಲ. ಯಾರಿಗೂ ಹೇಳಲಿಲ್ಲ. ಕೇಳುವುದೇ ಕೆಲಸವಾದವನು ಕೇಳುವುದಿಲ್ಲ ಎಂದರೆ ಇನ್ನು ಏನು ಉಳಿಯಿತು?

ಹಾಗಾಗಿ ಫೋನು ಬೇಡವೆಂದೆ. ‘ತೆಗೆದುಬಿಡಿ’ ಎಂದಾಗ ಯಾವ ತೆಗೆಯುವುದು ಎಂದು ಕೇಳದಿದ್ದದ್ದೂ ಅದಕ್ಕೇ. ನನಗೇ ಸರಿಯಾಗಿ ಕೇಳಿಸಿಲ್ಲವೇನೋ, ಕೇಳಿದರೆ ನಿನಗೆ ಗೊತ್ತಾಗಿಬಿಡುತ್ತದೆ ಎಂದು ನಾಚಿ ಒತ್ತಿಬಿಟ್ಟೆ. ನೀನು ಡಿಸ್ಕನ್ನು ಮುಚ್ಚಿಟ್ಟೆ, ನಾನು ಕಿವಿಯನ್ನು ಮುಚ್ಚಿಟ್ಟೆ. ನಡುವೆ ಮಕ್ಕಳ ಒಂಬತ್ತು ವರ್ಷ ಬಿದ್ದುಹೋಯಿತು.

ಅದಕ್ಕಿಂತ ಕೆಟ್ಟದ್ದನ್ನು ಇನ್ನೂ ಹೇಳಿಲ್ಲ. ಈ ಎರಡು ವರ್ಷವೂ ನೀನು ತಿದ್ದಿ ಕಳಿಸಿದ್ದನ್ನೆಲ್ಲ ನಾನು ‘ಸರಿಯಾಗಿದೆ’ ಎಂದು ಇತ್ಯರ್ಥ ಮಾಡುತ್ತಲೇ ಬಂದೆ. ಕೇಳಿಸದೆ. ಬೀನಾ ತಿದ್ದಿದ್ದರೆ ಸರಿಯೇ ಇರುತ್ತದೆ ಎಂಬ ಧೈರ್ಯದ ಮೇಲೆ. ಅವು ನನ್ನ ನೆನಪಿನಲ್ಲಿಲ್ಲ, ಯಾಕೆಂದರೆ ಅವು ನನ್ನೊಳಗೆ ಹೋಗಲೇ ಇಲ್ಲ.

ನಮ್ಮ ಬೀದಿಯ ಪುಟ್ಟಬಸಮ್ಮನ ತಕರಾರು ನಿನಗೆ ನೆನಪಿರಬೇಕು. ಮಾತ್ರೆ ಚೀಟಿಯಲ್ಲಿ ೧-೦-೧ ಎಂದಿತ್ತು. ಬೆಳಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಯಂತ್ರ ‘ನೂರ ಒಂದು’ ಎಂದು ಓದಿತು. “ನೂರೊಂದು ನುಂಗಿದ್ರೆ ನಾನು ಉಳೀತೀನಾ ಮೇಷ್ಟ್ರೇ?” ಎಂದು ನಗುತ್ತ ಬಂದಿದ್ದಳು. ನೀನು ತಿದ್ದಿದೆ. ನನಗೆ ‘ಒಂದು, ಒಂದು’ ಎಂದು ಕೇಳಿತು, ಸರಿಯಾಗಿದೆ ಎಂದು ಬರೆದೆ. ನಡುವಿನ ಸೊನ್ನೆಯನ್ನು ಅದು ನುಂಗುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಅವಳು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ತೆಗೆದುಕೊಂಡಳು. ನಾಲ್ಕು ದಿನ ತಲೆ ಸುತ್ತಿ ಮಲಗಿದ್ದಳು. ದೇವರು ದೊಡ್ಡವನು, ಅಷ್ಟಕ್ಕೇ ಹೋಯಿತು.

ಇದು ನನಗೆ ಗೊತ್ತಾದದ್ದು ಮೊನ್ನೆ. ಹೇಳಿದವಳು ದಿವ್ಯ.

ಸಾವಿರದ ಮುನ್ನೂರ ಚಿಲ್ಲರೆಯ ಮೇಲೆ ನನ್ನ ಬಾಯಿ ನಿಂತಾಗ ಅವಳು ಎದ್ದು ಹೋದಳು. ಮಾರನೆಯ ದಿನ ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ತೊಡೆಯ ಮೇಲಿಟ್ಟಳು. ಒಳಗೆ ಬ್ರೈಲ್ ಹಾಳೆಗಳು. ಬೆರಳು ಇಟ್ಟು ನೋಡಿದೆ. ನಾನು ಇತ್ಯರ್ಥ ಮಾಡಿದ ಒಂದೊಂದನ್ನೂ ಅವಳು ಮನೆಯಲ್ಲಿ ಮತ್ತೆ ಕೇಳಿ, ಹಾಳೆಯಲ್ಲಿ ಬರೆದಿಟ್ಟುಕೊಂಡು, ತಪ್ಪು ಉಳಿದದ್ದನ್ನು ಗುರುತು ಹಾಕಿ, ತನ್ನ ಹೆಸರಿನಲ್ಲಿ ಹೊಸ ತಕರಾರಿನಂತೆ ನಿನಗೆ ಕಳಿಸುತ್ತಿದ್ದಳಂತೆ. ಹೋದ ವರ್ಷ ನೀನು ನನಗೇ ಬರೆದಿದ್ದೆ, ದಿವ್ಯಳದು ಬರೀ ಕೊಂಕು, ಮುಗಿದದ್ದನ್ನೇ ಕೆದಕುತ್ತಾಳೆ ಎಂದು. ನಾನೂ ಹೌದೆಂದಿದ್ದೆ! ಪುಟ್ಟಬಸಮ್ಮನ ಮನೆಗೆ ಹೋಗಿ ಮಾತ್ರೆ ಸರಿಮಾಡಿ ಬಂದವಳೂ ಅವಳೇ.

“ನಂಗ್ಯಾಕೆ ಯೋಳ್ಲಿಲ್ಲ ಕಣಮ್ಮ?” ಎಂದೆ. ನನ್ನ ಬಲಗಿವಿಯ ಹತ್ತಿರ ಬಂದು, “ಯೋಳಿದ್ರೆ ನೀವು ಬುಟ್ಬುಡ್ತಿದ್ರಿ ಮೇಷ್ಟ್ರೇ. ನೀವು ಬುಟ್ಟಿದ್ರೆ ಈ ಜನ ಯಾರಿಗೆ ತಕರಾರು ಬರೀತಿದ್ರು?” ಎಂದಳು. ಎರಡು ವರ್ಷ ನನ್ನ ಮಾನ ಕಾಪಾಡಿದ್ದಾಳೆ ಆ ಹುಡುಗಿ. ನನಗೆ ಕೃತಜ್ಞತೆಗಿಂತ ಮೊದಲು ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಹಾಳೆಗಳಲ್ಲಿ ನಾನೂರ ಮೂವತ್ತೊಂದಿವೆ. ಅವನ್ನು ನಾನು ಬೆರಳಲ್ಲಿ ಓದಿ ಹೇಳಿದೆ, ಅವಳು ಏರಿಸಿದಳು. ಬೆರಳಿಗೆ ಇನ್ನೂ ವಯಸ್ಸಾಗಿಲ್ಲ. ಎಪ್ಪತ್ತು ಎಂಬತ್ತು ಎಲ್ಲೂ ಸಿಗಲಿಲ್ಲ, ಅವು ಹೋದವು. ಅವನ್ನು ಬರೆದವರು ಯಾರೋ, ನಮ್ಮನ್ನು ನಂಬಿ ಕಾಯುತ್ತಿದ್ದಾರೋ ಏನೋ.

ನೀನು ಒಂದು ಕೆಲಸ ಮಾಡು. ಫೋರ್ಜೆಯೊದಲ್ಲಿ ಕಣಜವನ್ನು ದಿವ್ಯಳ ಹೆಸರಿಗೆ ಮಾಡು. ಇತ್ಯರ್ಥ ಮಾಡುವ ಅಧಿಕಾರ ನನ್ನಿಂದ ತೆಗೆದುಹಾಕು. ಈ ಸಲ ಅನುಮಾನ ಬೇಡ, ಹಾಕು ಎಂದೇ ಬರೆದಿದ್ದೇನೆ.

ಇವತ್ತು ಬೆಳಗ್ಗೆ ನಾನೇ ಕೂತು ಅಲ್ಲಿ ಒಂದು ಹೊಸ ತಕರಾರು ಬರೆದೆ. “ಶಿವಮಲ್ಲಪ್ಪ ಎಂಬ ಪರೀಕ್ಷಕ ೨೦೨೩ರ ಬೇಸಿಗೆಯಿಂದ ಕಿವಿ ಕೇಳಿಸದೆ ‘ಸರಿಯಾಗಿದೆ’ ಎಂದು ಬರೆದಿದ್ದಾನೆ. ಅವನು ಸರಿ ಎಂದದ್ದೆಲ್ಲವನ್ನೂ ಇನ್ನೊಬ್ಬರು ಮತ್ತೆ ಕೇಳಬೇಕು.” ಕೆಳಗೆ ನನ್ನ ಪೂರ್ತಿ ಹೆಸರು, ಊರು ಹಾಕಿದ್ದೇನೆ. ಬಳಸುವವರೆಲ್ಲ ಓದುತ್ತಾರೆ, ಓದಲಿ. ನೀನು ಮರುಕಪಟ್ಟು ಅದನ್ನು ಇತ್ಯರ್ಥ ಮಾಡಿಬಿಡಬೇಡ ಬೀನಾ. ದಿವ್ಯ ಕೊನೆಯದನ್ನು ಕೇಳಿ ಮುಗಿಸುವವರೆಗೆ ಅದು ಹಾಗೇ ಇರಲಿ.

ಶಿವಮಲ್ಲಪ್ಪ